ಅಪ್ಪನ ಗಿಟಾರಿಗೆ ಕೈ ಹಾಕಿದ್ದು

ಕೊರಿಯರಿನಲ್ಲಿ ಬಂದ ಡಬ್ಬಿ ಬಿಚ್ಚಿ ಒಳಗಿದ್ದದ್ದನ್ನು ಊಟದ ಮೇಜಿನ ಮೇಲಿಟ್ಟಾಗ ಅಮ್ಮ ಮೊದಲು ಕೇಳಿದ್ದು, "ಇದು ಯಾವ ಬಾಗಿಲಿಗೆ ಕಣೇ?" ಎಂದು. ತಪ್ಪು ಅವಳದಲ್ಲ. ಹೊಳೆಯುವ ಲೋಹದ ಪಟ್ಟಿ, ಅದರ ತುದಿಯಲ್ಲಿ ಬಿಜಾಗರಿಯಂಥ ಮಡಿಕೆ, ದಪ್ಪನೆಯ ಒಂದು ಸ್ಪ್ರಿಂಗು, ಪಕ್ಕಕ್ಕೆ ಚಾಚಿಕೊಂಡ ಸಪೂರ ಸಲಾಕೆ. ನೋಡಿದವರು ಯಾರಾದರೂ ಬಾಗಿಲಿನ ಸಾಮಾನೆಂದೇ ಹೇಳುತ್ತಿದ್ದರು. ನಾನು "ಗಿಟಾರಿಗೆ" ಎಂದೆ. ಅಮ್ಮನ ಮುಖ ಬದಲಾಯಿತು. "ಯಾವ ಗಿಟಾರಿಗೆ?" ಎಂದಳು. ನಮ್ಮ ಮನೆಯಲ್ಲಿದ್ದದ್ದು ಒಂದೇ ಗಿಟಾರು, ಅದು ಅವಳಿಗೂ ಗೊತ್ತಿತ್ತು.

ಆ ವಸ್ತುವಿನ ಹೆಸರು ವೈಬ್ರಾಟೊ ಟೇಲ್‌ಪೀಸ್. ಗಿಟಾರಿನ ತಂತಿಗಳನ್ನು ಮೇಲ್ತುದಿಯಲ್ಲಿ ಬಿರಡೆಗಳ ಕಿವಿ ಹಿಂಡಿ ಬಿಗಿ ಮಾಡುತ್ತಾರೆ. ಕೆಳತುದಿಯಲ್ಲಿ, ಅಂದರೆ ಬಾಲದ ಕಡೆ, ಒಂದು ಲೋಹದ ಚೌಕಟ್ಟಿಗೆ ಸಿಕ್ಕಿಸಿರುತ್ತಾರೆ. ಆ ಚೌಕಟ್ಟು ಅಲುಗುವುದಿಲ್ಲ. ಅದನ್ನು ತೆಗೆದು ಇದನ್ನು ಕೂರಿಸಿದರೆ ಅಲುಗುತ್ತದೆ. ಸಲಾಕೆಯನ್ನು ಮೆಲ್ಲಗೆ ಒತ್ತಿದರೆ ಆರೂ ತಂತಿಗಳು ಚೂರು ಸಡಿಲವಾಗಿ ಸ್ವರ ಕೆಳಗೆ ತೂಗುತ್ತದೆ, ಬಿಟ್ಟರೆ ಸ್ಪ್ರಿಂಗು ಅದನ್ನು ಮತ್ತೆ ಮೊದಲಿನ ಜಾಗಕ್ಕೆ ತರುತ್ತದೆ. ಎಡಗೈಯ ಬೆರಳು ತಂತಿ ಎಳೆದು ಮಾಡಬೇಕಾದ ಕೆಲಸವನ್ನು ಬಲಗೈ ಮಾಡಿಕೊಡುತ್ತದೆ. ನನಗೆ ಬೇಕಾಗಿದ್ದದ್ದು ಇಷ್ಟೇ, ಯಾಕೆಂದರೆ ನನ್ನ ಎಡಗೈಯ ಉಂಗುರದ ಬೆರಳು ಕೈಕೊಟ್ಟಿತ್ತು.

ನಾನು ಮಂಚೇನಹಳ್ಳಿಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ಚಿಕ್ಕಬಳ್ಳಾಪುರದಲ್ಲಿ, ದಿನಾ ಬಸ್ಸು. ಹೋದ ವರ್ಷ ಸ್ಟಾಫ್ ರೂಮಿನ ಕಬ್ಬಿಣದ ಬೀರುವಿನ ಬಾಗಿಲು ಆ ಬೆರಳಿನ ಮೇಲೆ ಮುಚ್ಚಿಕೊಂಡಿತು. ಮುಚ್ಚಿದವಳು ನಾನೇ, ಅದೂ ಯಾರ ಮೇಲಿನದೋ ಸಿಟ್ಟಿನಲ್ಲಿ, ಆದ್ದರಿಂದ ಬೈಯುವುದಕ್ಕೂ ಯಾರೂ ಸಿಗಲಿಲ್ಲ. ಚಿಂತಾಮಣಿಯ ಮೂಳೆ ಡಾಕ್ಟರು ಪಟ್ಟಿ ಬಿಚ್ಚಿದ ಮೇಲೆ ನೋಡಿದರೆ ನಡುವಿನ ಗೆಣ್ಣು ಅರ್ಧಕ್ಕೇ ನಿಂತಿತ್ತು. "ಬೆರಳು ಆಡ್ತಾ ಇರ್ಬೇಕು ಮೇಡಂ. ಹೊಲಿಗೆ, ಹಾರ್ಮೋನಿಯಂ, ಏನಾದ್ರೂ ಅಭ್ಯಾಸ ಇದ್ಯಾ?" ಎಂದು ಕೇಳಿದರು. "ಗಿಟಾರ್ ನುಡಿಸ್ತಿದ್ದೆ" ಎಂದು ಬಾಯಿಗೆ ಬಂದುಬಿಟ್ಟಿತು. ಎಷ್ಟೋ ವರ್ಷದಿಂದ ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. "ಮತ್ತಿನ್ನೇನು, ಶುರು ಮಾಡ್ಕೊಳ್ಳಿ" ಎಂದು ಅವರು ಮುಂದಿನ ಚೀಟಿ ಕರೆದರು.

ಶುರು ಮಾಡಿಕೊಳ್ಳುವುದು ಅಷ್ಟು ಸುಲಭವಿರಲಿಲ್ಲ. ಆ ಗಿಟಾರು ನನ್ನ ಅಪ್ಪನದು, ಮತ್ತು ಅದನ್ನು ಮುಟ್ಟಕೂಡದೆಂದು ಅವರೇ ಹೇಳಿ ಹೋಗಿದ್ದರು. ಕನಿಷ್ಠ ನಾನು ಹಾಗೆ ತಿಳಿದಿದ್ದೆ.

ಅಪ್ಪ ಗೌರಿಬಿದನೂರಿನಲ್ಲಿ ಸರ್ಕಾರಿ ಗುಮಾಸ್ತರಾಗಿದ್ದರು. ವಾರವೆಲ್ಲ ಕಡತದ ಮುಂದೆ ಕೂತು, ರಜೆ ಬಂದರೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಮದುವೆಯ ರಿಸೆಪ್ಷನ್ನು, ಗಣೇಶನ ಪೆಂಡಾಲು, ರಾಜ್ಯೋತ್ಸವ. ಚಿಂತಾಮಣಿಯ ಕಡೆ ಹೋದರೆ ಅರ್ಧ ತೆಲುಗು ಹಾಡು ನುಡಿಸಬೇಕಿತ್ತು, ಇಲ್ಲದಿದ್ದರೆ ಜನ ಎದ್ದು ಊಟಕ್ಕೆ ಹೋಗುತ್ತಿದ್ದರು. ಅಪ್ಪನ ಗಿಟಾರು ಎಲ್ಲರ ಎಲೆಕ್ಟ್ರಿಕ್ ಗಿಟಾರಿನ ಹಾಗೆ ಗಟ್ಟಿ ಹಲಗೆಯಲ್ಲ. ಒಳಗೆಲ್ಲ ಟೊಳ್ಳು, ಎದೆಯ ಮೇಲೆ ಪಿಟೀಲಿಗಿರುವ ಹಾಗೆ ಎರಡು ಬಾಗಿದ ಸೀಳು, ಮಾಗಿದ ಹುಣಸೆಹಣ್ಣಿನ ಬಣ್ಣ. ಆರ್ಕೆಸ್ಟ್ರಾದವರು ಅದಕ್ಕೆ ಹೊಟ್ಟೆ ಗಿಟಾರ್ ಎನ್ನುತ್ತಿದ್ದರು. ಅಪ್ಪನಿಗೂ ಸ್ವಲ್ಪ ಹೊಟ್ಟೆಯಿತ್ತು. ಎರಡು ಹೊಟ್ಟೆಗಳೂ ಆತುಕೊಂಡು ಕೂತರೆ ನಡುವೆ ಒಂದು ಬಸ್ ಟಿಕೆಟ್ಟೂ ತೂರುತ್ತಿರಲಿಲ್ಲ.

ಹಾಡಿನ ಸಾಲು ಮುಗಿಯುವಾಗ ಅಪ್ಪ ಕೊನೆಯ ಸ್ವರವನ್ನು ಉಂಗುರದ ಬೆರಳಿನಿಂದ ಎಳೆದು, ಅಲ್ಲೇ ಒಂಚೂರು ತೂಗಿಸಿ, ಬಿಡುತ್ತಿದ್ದರು. ಬೇರೆಯವರು ನಡುಬೆರಳಿನಲ್ಲಿ ಮಾಡುವುದನ್ನು ಅವರು ಉಂಗುರದ ಬೆರಳಿನಲ್ಲೇ ಮಾಡಬೇಕು. ನನಗೂ ಹಾಗೇ ಕಲಿಸಿದರು, ಬೇರೆ ಬೆರಳಿನಲ್ಲಿ ನನಗೆ ಇವತ್ತಿಗೂ ಬರುವುದಿಲ್ಲ. "ನೋವಾಗುತ್ತೆ ಅಪ್ಪ" ಎಂದರೆ "ಆಗ್ಲಿ, ಎಳಿ" ಎನ್ನುತ್ತಿದ್ದರು. ನಾನು ಎಳೆದೆ. ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ಆ ಬೆರಳಿನ ತುದಿ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿಯಾಗಿತ್ತು, ಅದನ್ನು ಗೆಳತಿಯರಿಗೆ ಮುಟ್ಟಿಸಿ ಜಂಬ ಪಡುತ್ತಿದ್ದೆ.

ನನಗೆ ಇಪ್ಪತ್ತು ವರ್ಷವಾಗಿದ್ದಾಗ ನಗರಗೆರೆಯ ಹತ್ತಿರ ಒಂದು ಮದುವೆಗೆ ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಹೊಟ್ಟೆ ಗಿಟಾರನ್ನು ನನ್ನ ಕೈಗೆ ಕೊಟ್ಟು, ತಾವು ನನ್ನ ಹಳೆಯ ಗಿಟಾರು ಹಿಡಿದರು. ಮೂರನೇ ಹಾಡಿನಲ್ಲಿ ನಾನು ದಾರಿ ತಪ್ಪಿದೆ. ಅಪ್ಪ ಪಕ್ಕದಿಂದ "ಅಲ್ಲಲ್ಲಮ್ಮ, ಒಂದು ಮೆಟ್ಟಿಲು ಮೇಲೆ" ಎಂದರು. ಎದುರಿಗೆ ಮೈಕಿತ್ತು. ಇಡೀ ಪೆಂಡಾಲಿಗೆ ಕೇಳಿಸಿತು, ಜನ ನಕ್ಕರು. ಕೆಟ್ಟದ್ದಾಗಿ ಅಲ್ಲ, ಮದುವೆ ಮನೆಯ ನಗು. ಆದರೆ ನನ್ನ ಸಿಟ್ಟು ಬೀರುವಿನ ಬಾಗಿಲಿಗಿಂತ ಮುಂಚಿನಿಂದಲೂ ಹೀಗೇ. ಗಿಟಾರನ್ನು ಕುರ್ಚಿಯ ಮೇಲೆ ಒಗೆದು ಸ್ಟೇಜಿನಿಂದ ಇಳಿದುಬಿಟ್ಟೆ. ಅದು ಜಾರಿ ಬಿತ್ತು. ಬಿದ್ದ ಸದ್ದು ದೊಡ್ಡ ದೊಡ್ಡ ಸ್ಪೀಕರುಗಳಲ್ಲಿ ಬಂದದ್ದನ್ನು ನಾನು ಊಟದ ಸಾಲಿನ ಹತ್ತಿರ ನಿಂತು ಕೇಳಿದೆ. ಕೆಳಗಿನ ಅಂಚಿನಲ್ಲಿ ಉಗುರಗಲದ ಚಕ್ಕೆ ಎದ್ದುಹೋಯಿತು.

ಅಪ್ಪ ಬೈಯಲಿಲ್ಲ. ಚಕ್ಕೆಯನ್ನು ಅಂಟಿಸಿಕೊಂಡು ಬಂದು ಮತ್ತೆ ನುಡಿಸತೊಡಗಿದರು. ಆಮೇಲೆ ನಾನು ಮನೆಯಲ್ಲಿ ನನ್ನ ಗಿಟಾರನ್ನೇ ನುಡಿಸಿಕೊಂಡೆ. ಹೊಟ್ಟೆ ಗಿಟಾರನ್ನು ಅವರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಮದುವೆಯಾಯಿತು, ಕೆಲಸ ಸಿಕ್ಕಿತು, ಅಪ್ಪ ನಿವೃತ್ತರಾಗಿ ಅಮ್ಮನ ಜೊತೆ ನಮ್ಮ ಮನೆಗೇ ಬಂದರು. ಆ ಸಂಜೆಯ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ.

ಒಂಬತ್ತು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗೈ ಬಿದ್ದುಹೋಯಿತು, ಬಾಯಿ ಒಂದು ಕಡೆ ಎಳೆದುಕೊಂಡಿತು, ಮಾತು ತೊದಲಾಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಎರಡನೇ ವಾರ ಒಂದು ಸಾಯಂಕಾಲ ನಾನು ಶಾಲೆಯಿಂದ ಬಂದಾಗ ಹಾಸಿಗೆಯ ಪಕ್ಕದಲ್ಲಿ ಖಾಲಿ ಟೀ ಲೋಟವೊಂದಿತ್ತು. ಶಿಡ್ಲಘಟ್ಟದಿಂದ ಅಪ್ಪನ ಸ್ನೇಹಿತರೊಬ್ಬರು ಬಂದು ಹೋದರೆಂದು ಅಮ್ಮ ಹೇಳಿದಳು. ಅಪ್ಪ ನನ್ನನ್ನು ಹತ್ತಿರ ಕರೆದರು. ಗೋಡೆಗೆ ಒರಗಿಸಿದ್ದ ಗಿಟಾರಿನ ಪೆಟ್ಟಿಗೆಯ ಕಡೆ ಬಲಗೈ ಎತ್ತಿ, ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಗೆ ತಂದರು. "ಅದಕ್ಕೆ... ಕೈ... ಹಾಕ್ಬೇಡಮ್ಮ." ಹೇಳಿ ಮುಗಿದ ಮೇಲೆ ಅವರ ಬಾಯಿ ಇನ್ನಷ್ಟು ಸೊಟ್ಟಗಾಯಿತು. ನಾನು "ಆಗ್ಲಿ ಅಪ್ಪ" ಎಂದೆ. ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ನಾಲ್ಕು ದಿನಕ್ಕೆ ಎರಡನೇ ಸಲ ಲಕ್ವ ಹೊಡೆದು ಅಪ್ಪ ತೀರಿಕೊಂಡರು.

ನನಗೆ ಹೇಳಿದ ಕೊನೆಯ ಮಾತು ಅದು. ಬೇರೆ ಮಕ್ಕಳಿಗೆ ಅವರ ಅಪ್ಪಂದಿರು ಚೆನ್ನಾಗಿರು ಎನ್ನುತ್ತಾರೆ, ಅಮ್ಮನನ್ನು ನೋಡಿಕೋ ಎನ್ನುತ್ತಾರೆ. ನನ್ನ ಅಪ್ಪ ತಮ್ಮ ಗಿಟಾರು ಮುಟ್ಟಬೇಡ ಎಂದರು. ನಗರಗೆರೆಯ ಚಕ್ಕೆಯನ್ನು ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಕೊನೆಗೆ ಹೊರಗೆ ಹಾಕಿದರೆಂದುಕೊಂಡೆ. ನನಗೆ ಅಳುವಿಗಿಂತ ಮೊದಲು ಬಂದದ್ದು ಅವಮಾನ. ಹನ್ನೊಂದನೇ ದಿನದ ಕಾರ್ಯ ಮುಗಿದ ವಾರವೇ ನನ್ನ ಸ್ವಂತ ಗಿಟಾರನ್ನು ಶಾಲೆಗೆ ಕೊಟ್ಟುಬಿಟ್ಟೆ. ಹೊಟ್ಟೆ ಗಿಟಾರು ಪೆಟ್ಟಿಗೆಯ ಸಮೇತ ಮಲಗುವ ಕೋಣೆಯ ಬೀರುವಿನ ಮೇಲೆ ಹೋಯಿತು. ಹತ್ತಿಸಿದವರು ನನ್ನ ಗಂಡ.

ಅಮ್ಮ ನನಗಿಂತ ಒಂದು ಹೆಜ್ಜೆ ಮುಂದೆ. ಆ ಪೆಟ್ಟಿಗೆಯ ಧೂಳು ಹೊಡೆಯುವುದಕ್ಕೆಂದು ಅವಳು ಒಂದು ಬಿದಿರುಕೋಲಿನ ತುದಿಗೆ ಹಳೆಯ ಪಂಚೆಯ ತುಂಡು ಕಟ್ಟಿಟ್ಟುಕೊಂಡಿದ್ದಳು. ಪ್ರತಿ ಶುಕ್ರವಾರ ಮನೆ ಒರೆಸಿ ಆದ ಮೇಲೆ ಕೋಲಿನಿಂದಲೇ ಪೆಟ್ಟಿಗೆಯನ್ನು ಒರೆಸುತ್ತಿದ್ದಳು. ಸ್ಟೂಲು ಹಾಕಿಕೊಂಡು ಕೈಯಲ್ಲೇ ಒರೆಸಬಾರದಾ ಎಂದು ನನ್ನ ಗಂಡ ಒಮ್ಮೆ ಕೇಳಿದ್ದಕ್ಕೆ, "ಕೈ ಹಾಕ್ಬೇಡ ಅಂದವ್ರೆ ಕಣಪ್ಪ, ಕೋಲು ಹಾಕ್ಬೇಡ ಅಂದಿಲ್ಲ" ಎಂದಳು. ನಾವು ನಕ್ಕೆವು. ಆದರೆ ನಾನೂ ಯಾವತ್ತೂ ಆ ಪೆಟ್ಟಿಗೆಯನ್ನು ಮುಟ್ಟಲಿಲ್ಲ.

ಇಷ್ಟೆಲ್ಲ ಇರುವಾಗ ನಾನು ಆ ಗಿಟಾರಿಗೆ ವೈಬ್ರಾಟೊ ತರಿಸಿದ್ದೇಕೆಂದರೆ, ಡಾಕ್ಟರು ಹೇಳಿದ ದಿನದಿಂದ ತಲೆಯೊಳಗೆ ಹುಳ ಹೊಕ್ಕಿತ್ತು. ಬಸ್ಸಿನಲ್ಲಿ ಫೋನು ಹಿಡಿದು ವೀಡಿಯೊ ನೋಡುತ್ತಾ, ಬೆರಳು ಬಗ್ಗದವರು ಈ ಸಲಾಕೆಯಿಂದ ಸ್ವರ ತೂಗಿಸುವುದನ್ನು ಕಂಡೆ. ತರಿಸಿದೆ. ತರಿಸಿದ ಮೇಲೆ ಹಾಕಿಸಬೇಕೋ ಬೇಡವೋ ಎಂದು ಮೂರು ವಾರ ಒದ್ದಾಡಿದೆ. ಟೊಳ್ಳು ಗಿಟಾರಿಗೆ ಇದು ಭಾರ, ದನಿ ಮಂಕಾಗುತ್ತದೆ ಎಂದು ಕೆಲವರು ಬರೆದಿದ್ದರು. ತಂತಿಯ ಕೆಳಗಿನ ಮರದ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಬಿಗಿಗೇ ನಿಂತಿರುತ್ತದೆ, ಸಲಾಕೆ ಆಡಿಸಿದಾಗೆಲ್ಲ ಅದೂ ಜರುಗಿ ಶ್ರುತಿ ಕೆಡುತ್ತದೆ ಎಂದು ಇನ್ನು ಕೆಲವರು. ತೂತು ಕೊರೆಯಬೇಕಾದೀತು ಎಂಬುದು ನನ್ನ ದೊಡ್ಡ ಹೆದರಿಕೆ. ನನ್ನ ಗಂಡ, "ಒಂಬತ್ತು ವರ್ಷ ಮುಟ್ಟದೇ ಇದ್ದೋಳು ಈಗ ಏಕ್ದಂ ಮೊಳೆ ಹೊಡೆಯೋಕೆ ಹೊರಟಿದ್ದೀಯಲ್ಲ" ಎಂದರು. ಮಾತು ಚುಚ್ಚಿತು, ಆದರೆ ಸರಿಯಾಗೇ ಇತ್ತು. ನಾನು ಅಪ್ಪನ ಮಾತು ಮೀರುವುದಾದರೆ ಒಂದು ಸಲವಲ್ಲ, ಎರಡು ಸಲ ಮೀರಬೇಕಿತ್ತು, ಮುಟ್ಟಿ ಒಂದು ಸಲ, ಬದಲಾಯಿಸಿ ಇನ್ನೊಂದು ಸಲ.

ಕೊನೆಗೆ ಒಂದು ಕಳ್ಳದಾರಿ ಹುಡುಕಿಕೊಂಡೆ. ಗಿಟಾರನ್ನು ನಾನು ಮುಟ್ಟುವುದಿಲ್ಲ. ಪೆಟ್ಟಿಗೆಯ ಹಿಡಿ ಹಿಡಿದು ಶಿಡ್ಲಘಟ್ಟಕ್ಕೆ ಒಯ್ಯುತ್ತೇನೆ. ಅಲ್ಲಿನ ಅಪ್ಪನ ಸ್ನೇಹಿತರು ವಾದ್ಯ ರಿಪೇರಿ ಮಾಡುವವರು, ಅವರೇ ತೆಗೆದು ನೋಡಲಿ, ಹಾಕಬಹುದೋ ಬಾರದೋ ಅವರೇ ಹೇಳಲಿ. ಮಕ್ಕಳು ಲೆಕ್ಕದ ಉತ್ತರವನ್ನು ಪಕ್ಕದವನ ಪುಸ್ತಕದಿಂದ ನೋಡಿ ಬರೆದರೆ ಕಿವಿ ಹಿಂಡುವವಳು ನಾನು. ಭಾನುವಾರ ಬೆಳಿಗ್ಗೆ ಗಂಡ ಪೆಟ್ಟಿಗೆ ಇಳಿಸಿಕೊಟ್ಟರು. ಅಮ್ಮ ಕೋಲು ಹಿಡಿದು ಬಾಗಿಲವರೆಗೂ ಬಂದು ಹಾಗೇ ಒಳಗೆ ಹೋದಳು.

ಆ ಸ್ನೇಹಿತರನ್ನು ನಾನು ಚಿಕ್ಕಂದಿನಿಂದ ಚಾಚಾ ಎನ್ನುತ್ತೇನೆ. ಅವರ ಮನೆಯವರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರು. ಚಾಚಾ ನೂಲು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಾ ಮಾಡುತ್ತಾ ಹಾರ್ಮೋನಿಯಂ, ಗಿಟಾರು, ಏನು ತಂದುಕೊಟ್ಟರೂ ಬಿಚ್ಚಿ ನೋಡುವ ಅಭ್ಯಾಸ ಮಾಡಿಕೊಂಡವರು. ಶೆಡ್ಡಿನ ಒಂದು ಮೂಲೆಯೇ ಅವರ ಅಂಗಡಿ. ಪಕ್ಕದಲ್ಲಿ ಗೂಡು ಬೇಯುತ್ತಿರುತ್ತದೆ, ಅಭ್ಯಾಸವಿಲ್ಲದವರು ಮೂಗು ಮುಚ್ಚಿಕೊಳ್ಳಬೇಕು. ಅಪ್ಪ ರಜೆಯ ದಿನ ಗಂಟೆಗಟ್ಟಲೆ ಅಲ್ಲಿ ಕೂತಿರುತ್ತಿದ್ದರು. ಅಪ್ಪ ತೀರಿಕೊಂಡ ದಿನ ಚಾಚಾ ಬಂದು ಹೋದ ಮೇಲೆ ನಾನು ಅವರನ್ನು ನೋಡಿರಲಿಲ್ಲ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಬಾ ಬೇಟಾ, ಬಾ. ಎಷ್ಟು ವರ್ಷ ಆಯ್ತು" ಎಂದು ಸ್ಟೂಲು ಒರೆಸಿ ಕೊಟ್ಟು, ಪೆಟ್ಟಿಗೆ ನೋಡಿ ನಕ್ಕರು. "ಅಣ್ಣನ ಹೊಟ್ಟೆ."

ಪೆಟ್ಟಿಗೆ ತೆರೆದರು. ನಗು ನಿಂತಿತು. ತಂತಿಗಳು ಕಂದು ಬಣ್ಣಕ್ಕೆ ತಿರುಗಿ ತುಕ್ಕು ಹಿಡಿದಿದ್ದವು, ಒಂದು ತುಂಡಾಗಿ ಸುರುಳಿ ಸುತ್ತಿಕೊಂಡಿತ್ತು. ಚಾಚಾ ಅದನ್ನು ಉಗುರಿನಿಂದ ಕೆರೆದು ನೋಡಿ, "ಇದು ನಾನು ಹಾಕಿದ ತಂತಿ ಅಲ್ವಾ ಬೇಟಾ? ಅಣ್ಣನಿಗೆ ಹುಷಾರು ತಪ್ಪೋಕ್ ಮುಂಚೆ ಹಾಕಿದ್ದು. ನೀವು ಬದಲಾಯಿಸೇ ಇಲ್ವಾ?" ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿ, ಬ್ಯಾಗಿನಿಂದ ಡಬ್ಬಿ ತೆಗೆದು ವೈಬ್ರಾಟೊವನ್ನು ಅವರ ಮುಂದಿಟ್ಟೆ. "ಇದನ್ನ ಹಾಕಬಹುದಾ ಚಾಚಾ? ತೂತು ಕೊರೀಬೇಕಾ?"

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಸ್ಪ್ರಿಂಗು ಒತ್ತಿದರು. ಆಮೇಲೆ ಮಾಮೂಲಿ ಮಾತಿನ ಹಾಗೆ, "ಚೆನ್ನಾಗಿದೆ ಕೈ. ಆದರೆ ಇದಕ್ಕೆ ಕೈ ಹಾಕ್ಬೇಡ ಅಂತ ನಿಮ್ಮಪ್ಪಾಜಿ ಹೇಳಿದ್ರಲ್ಲ" ಎಂದರು.

ಅಪ್ಪ ನನಗೆ ಹೇಳಿದ ಮಾತು ಇವರಿಗೆ ಹೇಗೆ ಗೊತ್ತಾಯಿತೆಂದು ನನಗೆ ಮೊದಲು ಗಾಬರಿಯಾಯಿತು. "ಹೌದು ಚಾಚಾ. ಅದಕ್ಕೇ ನಾನು ಒಂಬತ್ತು ವರ್ಷದಿಂದ ಮುಟ್ಟೇ ಇಲ್ಲ" ಎಂದೆ.

"ಮುಟ್ಟಿಲ್ವಾ? ಯಾಕೆ ಮುಟ್ಟಿಲ್ಲ?"

"ಕೈ ಹಾಕ್ಬೇಡ ಅಂದ್ರಲ್ಲ."

ಚಾಚಾ ನನ್ನನ್ನೇ ನೋಡಿದರು. ಕೈಯಲ್ಲಿದ್ದ ವೈಬ್ರಾಟೊವನ್ನು ನಿಧಾನವಾಗಿ ಮೇಲೆತ್ತಿ, ಅದರ ಸಲಾಕೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. "ಕೈ ಅಂದ್ರೆ ಇದು ಬೇಟಾ. ಮನೇಲಿ ಉರ್ದುನಲ್ಲಿ ನಾವು ಹತ್ತಾ ಅಂತೀವಿ, ಹಿಡ್ಕೊಂಡು ಆಡಿಸ್ತಾರಲ್ಲ, ಹಿಡಿ, ಅದಕ್ಕೆ. ಹಾತ್ ಅಂದ್ರೆ ಕೈ ಅಲ್ವಾ, ಅದಕ್ಕೇ ನಾನು ಕನ್ನಡದಲ್ಲಿ ಕೈ ಅಂತೀನಿ. ಬೋರ್‌ವೆಲ್ಲಿಂದೂ ಕೈ, ಮಿಷಿನ್ನಿಂದೂ ಕೈ. ನಿಮ್ಮಪ್ಪಾಜಿ ನಗ್ತಾ ಇದ್ರು. ನಕ್ಕು ನಕ್ಕು ಅವರೂ ಹಂಗೇ ಅನ್ನೋಕೆ ಶುರು ಮಾಡಿದ್ರು. ನಮ್ಮಿಬ್ಬರದೇ ಮಾತು ಅದು."

ಪಕ್ಕದಲ್ಲಿ ಯಂತ್ರ ತಿರುಗುತ್ತಿತ್ತು, ಬಿಸಿನೀರಿನ ಹಬೆ ಬರುತ್ತಿತ್ತು. ನನಗೆ ಅದೆಲ್ಲ ಇದ್ದಕ್ಕಿದ್ದ ಹಾಗೆ ದೂರ ಹೋಯಿತು. "ಚಾಚಾ, ಸರಿಯಾಗಿ ಹೇಳಿ" ಎಂದೆ.

ಅವರು ಸರಿಯಾಗಿ ಹೇಳಿದರು. ಲಕ್ವ ಹೊಡೆಯುವ ಮುಂಚೆಯೇ ಒಂದು ವರ್ಷದಿಂದ ಅಪ್ಪನ ಎಡಗೈ ಬೆರಳುಗಳಿಗೆ ಜೋಮು ಬರುತ್ತಿತ್ತಂತೆ. ಮನೆಯಲ್ಲಿ ನಮಗ್ಯಾರಿಗೂ ಹೇಳಿರಲಿಲ್ಲ. ಚಾಚಾ ತಮ್ಮ ಕೈಯಾರೆ ಅವರಿಗೊಂದು ಇಂಥದ್ದೇ ಹಿಡಿ ಮಾಡಿದ್ದರು. ಮುಗಿಯುವಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದರು. ಆದರೂ ಚಾಚಾ ಅದನ್ನು ತೆಗೆದುಕೊಂಡು ನಮ್ಮ ಮನೆಗೆ ಬಂದರು. ನಿಮಗಾಗದಿದ್ದರೆ ಮಗಳು ನುಡಿಸುತ್ತಾಳಲ್ಲ, ಅವಳಿಗಾದರೂ ಹಾಕಿಕೊಡುತ್ತೇನೆ ಎಂದರು.

"ಅವಳಿಗೆ ಯಾಕೋ ಕೈ, ಅಂದ್ರು. ಅವಳ ಬೆರಳು ನಾನು ಮಾಡಿದ್ದು, ಅದು ಸಾಕು, ಅಂದ್ರು. ನಾನು ಹಠ ಮಾಡ್ದೆ. ನೀನು ಬಿಡೋನಲ್ಲ, ನಾನು ಹೋದ್ಮೇಲೆ ಅವಳನ್ನ ಒಪ್ಪಿಸಿ ಹಾಕೇ ಹಾಕ್ತೀಯ, ಇವತ್ತೇ ಅವಳಿಗೆ ಹೇಳಿಡ್ತೀನಿ, ಅಂದ್ರು. ಮಾತು ಸರಿಯಾಗಿ ಬರ್ತಿರ್ಲಿಲ್ಲ ಬೇಟಾ, ಇಷ್ಟು ಹೇಳೋಕೆ ಅರ್ಧ ಗಂಟೆ ಹಿಡೀತು, ಆದ್ರೂ ನಗ್ತಾನೇ ಅಂದ್ರು."

ನಗುತ್ತಲೇ. ಆ ಸಾಯಂಕಾಲ ಮಾತು ಮುಗಿಸಿದ ಮೇಲೆ ಅಪ್ಪನ ಬಾಯಿ ಇನ್ನಷ್ಟು ಸೊಟ್ಟಗಾದದ್ದು ನೆನಪಾಯಿತು. ಲಕ್ವ ಎಂದುಕೊಂಡಿದ್ದೆ, ನನ್ನ ಮೇಲಿನ ಬೇಸರ ಎಂದೂ ಅಂದುಕೊಂಡಿದ್ದೆ. ಅವರು ನಕ್ಕಿದ್ದರು. ಸ್ನೇಹಿತನ ತಮಾಷೆಯ ಪದವನ್ನು ಇಟ್ಟುಕೊಂಡು ಅರ್ಧ ಮುಖದಿಂದ ನನ್ನ ಹತ್ತಿರ ನಕ್ಕಿದ್ದರು, ನಾನು ತಲೆ ತಗ್ಗಿಸಿ "ಆಗ್ಲಿ ಅಪ್ಪ" ಎಂದಿದ್ದೆ.

ನನಗೆ ಸಿಟ್ಟು ಬಂತು, ಎಲ್ಲರ ಮೇಲೂ ಬಂತು. ಇಷ್ಟು ದೊಡ್ಡ ಭಾಷೆಯಲ್ಲಿ ಬೇರೆ ಪದ ಸಿಗದ ಚಾಚಾ ಮೇಲೆ, ಅವರ ಪದವನ್ನು ನನ್ನ ಮೇಲೆ ಖರ್ಚು ಮಾಡಿದ ಅಪ್ಪನ ಮೇಲೆ. ಅಪ್ಪ ಇನ್ನೊಂದೇ ಮಾತು ಜಾಸ್ತಿ ಹೇಳಿದ್ದರೆ ಸಾಕಿತ್ತು. ನಾನು "ಯಾಕಪ್ಪ?" ಎಂದು ಒಂದು ಸಲ ಕೇಳಿದ್ದರೂ ಸಾಕಿತ್ತು. ಕೇಳಲಿಲ್ಲ, ಯಾಕೆಂದರೆ ಉತ್ತರ ಗೊತ್ತಿದೆಯೆಂದು ತಿಳಿದಿದ್ದೆ. ತರಗತಿಯಲ್ಲಿ ಪ್ರಶ್ನೆಯನ್ನು ಪೂರ್ತಿ ಓದಿ ಎಂದು ದಿನಕ್ಕೆ ಹತ್ತು ಸಲ ಬಡಿದುಕೊಳ್ಳುವವಳು ನಾನು.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅದು ಸ್ವಲ್ಪ ತಡವಾಗಿ ಹೊಳೆಯಿತು. ಅಪ್ಪ ನಂಬಿದ್ದ ಬೆರಳು ಎಂಟು ವರ್ಷ ಸರಿಯಾಗೇ ಇತ್ತು. ಆ ಎಂಟೂ ವರ್ಷ ಅದು ಸೀಮೆಸುಣ್ಣ ಹಿಡಿದ ಕೈಯ ಪಕ್ಕದ ಕೈಯಲ್ಲಿ ಸುಮ್ಮನೆ ಇತ್ತು. ಈಗ ಅವರ ಮಾತು ಸರಿಯಾಗಿ ಅರ್ಥವಾಗುವ ಹೊತ್ತಿಗೆ ಬೆರಳು ಹೋಗಿತ್ತು. ನಾನು ಎಡಗೈಯನ್ನು ಚಾಚಾ ಮುಂದೆ ಚಾಚಿದೆ. ಅವರು ಉಂಗುರದ ಬೆರಳನ್ನು ಹಿಡಿದು ಮೆಲ್ಲಗೆ ಬಗ್ಗಿಸಿ, ಅರ್ಧಕ್ಕೆ ನಿಂತಾಗ ಬಿಟ್ಟರು.

"ನೀನು ನುಡಿಸ್ತಾ ಇದ್ದೀಯ ಅಂದ್ಕೊಂಡಿದ್ದೆ" ಎಂದರು. "ತಂತಿಗೆ ಯಾಕೆ ನನ್ನ ಹತ್ರ ಬರಲ್ಲ ಅಂತ ಬೇಜಾರೂ ಮಾಡ್ಕೊಂಡಿದ್ದೆ."

ಎದ್ದು ಹೋಗಿ ಒಂದು ತಗಡಿನ ಡಬ್ಬ ತಂದರು. ಒಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಅವರ ಹಿಡಿ. ಸ್ಕೂಟರಿನ ಸ್ಪ್ರಿಂಗು, ಯಾವುದೋ ಯಂತ್ರದ ತಗಡು, ತುದಿಯಲ್ಲಿ ಹಿಡಿದುಕೊಳ್ಳಲು ಮರದ ಒಂದು ಗುಂಡು. ಬಾಲದ ಕಡೆ ಈಗಿರುವ ಮೂರು ಸ್ಕ್ರೂಗಳಿಗೇ ಕೂರುವ ಹಾಗೆ ಅಳತೆ ತೆಗೆದು ಮಾಡಿದ್ದರಂತೆ, ಹೊಸ ತೂತು ಬೇಕಿಲ್ಲ. ನನ್ನ ಕೊರಿಯರಿನ ಹೊಳೆಯುವ ಸಾಮಾನು ಅದರ ಪಕ್ಕದಲ್ಲಿ ನಿಜವಾಗಿಯೂ ಬಾಗಿಲಿನದರ ಹಾಗೇ ಕಂಡಿತು. "ಈಗ ಹೇಳು ಬೇಟಾ. ಹಾಕ್ಲಾ, ಬೇಡ್ವಾ?" ಎಂದು ಚಾಚಾ ಕೇಳಿದರು.

ಒಂಬತ್ತು ವರ್ಷ ಅಪ್ಪ ಹೇಳದೇ ಇದ್ದ ಮಾತನ್ನು ಪಾಲಿಸಿದ್ದೆ. ಅವರು ನಿಜವಾಗಿ ಹೇಳಿದ ಮಾತು ಗೊತ್ತಾದ ಗಂಟೆಯಲ್ಲೇ ಅದನ್ನು ಮುರಿಯುವುದಕ್ಕೆ ಮನಸ್ಸು ಬರಲಿಲ್ಲ. "ಬರೀ ತಂತಿ ಹಾಕಿಕೊಡಿ" ಎಂದೆ. ಅವರು ಹಳೆಯ ತಂತಿ ಬಿಚ್ಚಿ, ಹೊಸದು ಹಾಕಿ, ಶ್ರುತಿ ಮಾಡಿದರು. ಪೆಟ್ಟಿಗೆಯಲ್ಲಿ ಮಲಗಿಸುವ ಮುಂಚೆ ಗಿಟಾರನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಂಡೆ. ಕೆಳಗಿನ ಅಂಚಿನಲ್ಲಿ ಅಂಟಿಸಿದ ಚಕ್ಕೆ ಹೆಬ್ಬೆರಳಿಗೆ ಸಿಕ್ಕಿತು. ನುಡಿಸುವ ಧೈರ್ಯ ಅಲ್ಲಿ ಬರಲಿಲ್ಲ, ಸುಮ್ಮನೆ ಹಿಡಿದುಕೊಂಡು ಕೂತಿದ್ದೆ. ಹೊರಡುವಾಗ ಚಾಚಾ ತಮ್ಮ ಹಿಡಿಯನ್ನೂ ಪೆಟ್ಟಿಗೆಯೊಳಗಿಟ್ಟರು.

ಮನೆಗೆ ಬಂದು ಅಮ್ಮನನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅವಳಿಗೆ ಎರಡು ಸಲ ಹೇಳಬೇಕಾಯಿತು. ಎರಡನೇ ಸಲ ಮುಗಿದ ಮೇಲೆ "ನಾನೂ ಅಲ್ಲೇ ಇದ್ನಲ್ಲ" ಎಂದಳು. ಮತ್ತೆ, "ನಾನೂ ಅಲ್ಲೇ ನಿಂತ್ಕೊಂಡಿದ್ನಲ್ಲ ಕಣೇ" ಎಂದಳು. ಎದ್ದು ಕೋಣೆಗೆ ಹೋದಳು. ಕೋಲಿಗೆ ಕಟ್ಟಿದ್ದ ಪಂಚೆಯ ತುಂಡಿನ ಗಂಟನ್ನು ಹಲ್ಲಿನಿಂದ ಬಿಚ್ಚಿಕೊಂಡು ಬಂದು, ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು, ಗಿಟಾರಿನ ಹೊಟ್ಟೆಯನ್ನೂ ಬೆನ್ನನ್ನೂ ಕೈಯಲ್ಲೇ ಒರೆಸಿದಳು. ಚಾಚಾ ಆಗಲೇ ಒರೆಸಿಕೊಟ್ಟಿದ್ದರು. ಆದರೂ ಬಹಳ ಹೊತ್ತು ಒರೆಸಿದಳು.

"ನುಡಿಸು" ಎಂದಳು ಆಮೇಲೆ.

ಅಪ್ಪ ಎಲ್ಲ ಮದುವೆಗಳಲ್ಲೂ ಮೊದಲು ನುಡಿಸುತ್ತಿದ್ದ ಹಾಡೊಂದಿತ್ತು, ಅದರ ಎರಡು ಸಾಲು ನುಡಿಸಿದೆ. ಬೆರಳುಗಳು ದಾರಿ ಮರೆತಿರಲಿಲ್ಲ, ಅದು ನನಗೇ ಆಶ್ಚರ್ಯ. ಸಾಲಿನ ಕೊನೆಗೆ ಬಂದಾಗ ಉಂಗುರದ ಬೆರಳು ತಂತಿಯನ್ನು ಎಳೆಯಲು ಹೋಗಿ ಅರ್ಧದಲ್ಲಿ ನಿಂತಿತು. ಸ್ವರ ಬಡಿಗೆಯ ಹಾಗೆ ನೆಟ್ಟಗೆ ನಿಂತು ಸತ್ತುಹೋಯಿತು. ಇನ್ನೊಮ್ಮೆ ನುಡಿಸಿದೆ, ಹಾಗೇ ಆಯಿತು. ನಲವತ್ತು ವರ್ಷ ಅಪ್ಪನ ಜೊತೆ ಬಾಳಿದರೂ ಅಮ್ಮನಿಗೆ ಸಂಗೀತ ಗೊತ್ತಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು, ಅವಳೂ ಹಾಗೇ ಹೇಳಿಕೊಳ್ಳುತ್ತಿದ್ದಳು.

"ಅಲ್ಲಿ ಒಂಚೂರು ಅಲುಗ್ಬೇಕಿತ್ತು" ಎಂದಳು ಅಮ್ಮ. "ಅವರು ಅಲ್ಲಿ ಅಲುಗಿಸ್ತಿದ್ರು."

"ನನ್ನ ಬೆರಳಲ್ಲಿ ಆಗಲ್ಲಮ್ಮ."

ಅವಳು ನನ್ನ ಬೆರಳು ನೋಡಿದಳು, ಪೆಟ್ಟಿಗೆಯ ಮೂಲೆಯಲ್ಲಿ ಎಣ್ಣೆ ಬಟ್ಟೆಯಲ್ಲಿದ್ದ ಚಾಚಾ ಹಿಡಿಯನ್ನು ನೋಡಿದಳು. "ಅವರು ಬೇಡ ಅಂದಿದ್ದು ನಿನ್ನ ಬೆರಳು ನೋಡಿ. ಈಗ ಬೆರಳು ಹಿಂಗಾಗಿದೆ ಅಂತ ಅವರಿಗೇನು ಗೊತ್ತು" ಎಂದಳು. ಪಂಚೆಯ ತುಂಡನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡಳು. "ಹಾಕು, ಕೈ ಹಾಕು."

ಇನ್ನೊಮ್ಮೆ ಮೋಸ ಹೋಗಲು ನಾನು ತಯಾರಿರಲಿಲ್ಲ. "ಯಾವ ಕೈ ಅಮ್ಮ? ಚಾಚಾ ಮಾಡಿದ್ದಾ, ನಂದಾ? ಸರಿಯಾಗಿ ಹೇಳು" ಎಂದೆ.

"ಎರಡೂ" ಎಂದಳು ಅಮ್ಮ.